ಫ್ರಿಜ್ಜಿನಲ್ಲಿ ಎರಡು ಸೀಸೆ

ನಮ್ಮ ಫ್ರಿಜ್ಜಿನ ಬಾಗಿಲಲ್ಲಿ ಮೊಟ್ಟೆಗೆಂದು ಕಂಪನಿಯವರು ಮಾಡಿಟ್ಟ ಕುಳಿಗಳಿವೆ. ನಮ್ಮ ಮನೆಯಲ್ಲಿ ಅಲ್ಲಿ ಲಿಂಬೆಹಣ್ಣು ಕೂರುತ್ತವೆ. ಕಳೆದ ಮಳೆಗಾಲದಲ್ಲಿ ಮೂರು ವಾರ ಆ ಲಿಂಬೆಹಣ್ಣುಗಳ ನಡುವೆ ಎರಡು ಪುಟ್ಟ ಗಾಜಿನ ಸೀಸೆಗಳಿದ್ದವು. ಒಂದು ಅಪ್ಪನ ಇನ್ಸುಲಿನ್. ಇನ್ನೊಂದು ನನ್ನದು. ತಳದಲ್ಲಿ ಸಕ್ಕರೆ ಅಂಟಿಕೊಂಡಂತೆ ಚೂರು ಬಿಳಿ ಪುಡಿ, ಮೇಲೆ ನೀಲಿ ಮುಚ್ಚಳ, ಲೇಬಲ್ಲಿನಲ್ಲಿ ಬಿಪಿಸಿ-157 ಎಂಬ ಹೆಸರು. ಅದರ ಕೆಳಗೆ ಇರುವೆಯಷ್ಟು ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ, ಇದು ಸಂಶೋಧನೆಗೆ ಮಾತ್ರ, ಮನುಷ್ಯರ ಬಳಕೆಗಲ್ಲ ಎಂಬ ಸಾಲು.

ಆ ಸೀಸೆಗೆ ಆರು ಸಾವಿರ ರೂಪಾಯಿ ಕೊಟ್ಟಿದ್ದೆ. ಮನುಷ್ಯರ ಬಳಕೆಗಲ್ಲ ಎಂದು ಓದಿಯೂ ಕೊಟ್ಟಿದ್ದೆ. ಕಂಪ್ಯೂಟರ್ ಸೈನ್ಸ್‌ನಲ್ಲಿ ಎಂ.ಟೆಕ್. ಮಾಡಿದವನು, ಅಪರಿಚಿತ ಕೋಡನ್ನು ಪರೀಕ್ಷಿಸದೆ ಸರ್ವರಿಗೆ ಬಿಡಬೇಡಿ ಎಂದು ಕಿರಿಯರಿಗೆ ದಿನವೂ ಬೈಯುವವನು, ಅಪರಿಚಿತ ಪುಡಿಯನ್ನು ನನ್ನದೇ ಚರ್ಮದೊಳಗೆ ಬಿಟ್ಟುಕೊಳ್ಳಲು ಸಿದ್ಧನಾಗಿದ್ದೆ.

ಕಾರಣ ಹಿಮ್ಮಡಿ. ಬಿಬವೇವಾಡಿಗೆ ಬಂದು ಹನ್ನೊಂದು ವರ್ಷ. ಬೆಳಿಗ್ಗೆ ಗಾಳಿ ತಿರುಗಿದರೆ ಮಾರ್ಕೆಟ್ ಯಾರ್ಡಿನ ಈರುಳ್ಳಿ ವಾಸನೆ ಬಾಲ್ಕನಿಗೆ ಬರುತ್ತದೆ, ಅಷ್ಟು ಹತ್ತಿರ ನಮ್ಮ ಮನೆ. ಕೋವಿಡ್ ಮುಗಿದ ಮೇಲೆ ಎಲ್ಲರಂತೆ ನಾನೂ ಓಡಲು ಶುರು ಮಾಡಿದೆ. ತಳಜಾಯಿ ಗುಡ್ಡದ ಏರು ಹತ್ತಿ ಇಳಿಯುವುದು, ಭಾನುವಾರ ದೂರದ ಓಟ. ಎರಡು ಅರ್ಧ ಮ್ಯಾರಥಾನ್ ಮುಗಿಸಿದೆ. ಮೂರನೆಯದಕ್ಕೆ ತಯಾರಾಗುವಾಗ ಬಲಗಾಲಿನ ಹಿಮ್ಮಡಿಯ ಮೇಲೆ, ಮೀನಖಂಡ ಬಂದು ಮೂಳೆಗೆ ಸೇರುವ ಆ ದಪ್ಪ ಹಗ್ಗದಂಥ ಭಾಗದಲ್ಲಿ, ನೋವು ಹಿಡಿಯಿತು. ಬೆಳಿಗ್ಗೆ ಹಾಸಿಗೆಯಿಂದ ಬಚ್ಚಲಿಗೆ ಹೋಗುವ ಹತ್ತು ಹೆಜ್ಜೆ ಮುದುಕನ ನಡಿಗೆ. ನಮ್ಮ ಕಡೆ ಇದನ್ನು ‘ನರ’ ಎಂದೇ ಕರೆಯುತ್ತಾರೆ. ವೈದ್ಯರ ಮಾತಿನಲ್ಲಿ ಅಕಿಲೀಸ್ ಟೆಂಡನ್, ಪಠ್ಯಪುಸ್ತಕದ ಕನ್ನಡದಲ್ಲಿ ಸ್ನಾಯುರಜ್ಜು. ಐದು ತಿಂಗಳು ಐಸ್, ಮುಲಾಮು, ವಿಶ್ರಾಂತಿ. ವಿಶ್ರಾಂತಿ ಕೊಟ್ಟಾಗ ಸುಮ್ಮನಿರುತ್ತಿತ್ತು, ಓಡಿದ ಮರುದಿನ ಮತ್ತೆ ಶುರು.

ಆಫೀಸಿನ ಸಹೋದ್ಯೋಗಿಯೊಬ್ಬ ಜಿಮ್‌ನಲ್ಲಿ ಭುಜ ಕೆಡಿಸಿಕೊಂಡಿದ್ದ. ಒಂದು ದಿನ ಕ್ಯಾಂಟೀನಿನಲ್ಲಿ ತೋಳು ಪೂರ್ತಿ ಮೇಲೆತ್ತಿ ತೋರಿಸಿದ. “ಪೆಪ್ಟೈಡ್” ಎಂದ, ದೇವರ ಹೆಸರು ಹೇಳಿದಂತೆ. ಬಿಪಿಸಿ-157 ಮತ್ತು ಟಿಬಿ-500 ಎರಡನ್ನೂ ಸೇರಿಸಿ ತೆಗೆದುಕೊಂಡರೆ ಜಿಮ್‌ನವರ ಭಾಷೆಯಲ್ಲಿ ಅದು ‘ವೂಲ್ವರಿನ್ ಸ್ಟ್ಯಾಕ್’. ಸಿನಿಮಾದಲ್ಲಿ ಗಾಯ ತಾನೇ ಮುಚ್ಚಿಕೊಳ್ಳುವ ಆ ಮನುಷ್ಯನ ಹೆಸರು. ಸೀಸೆ ಅವನೇ ತರಿಸಿಕೊಟ್ಟ.

ಅದೇ ವಾರ ಗದಗಿನಿಂದ ಅವ್ವನ ಫೋನು. ಅಪ್ಪನ ಎಡಗಾಲಿನ ಅಡಿಯಲ್ಲಿ, ಹೆಬ್ಬೆರಳ ಬುಡಕ್ಕೆ, ಹುಣ್ಣಾಗಿದೆ. ಹೊಸ ಚಪ್ಪಲಿ ಕಚ್ಚಿದ್ದು. ಇಪ್ಪತ್ತೆರಡು ವರ್ಷದ ಸಕ್ಕರೆ ಕಾಯಿಲೆ, ಪಾದಕ್ಕೆ ಸ್ಪರ್ಶವೇ ಇಲ್ಲ. ಹುಣ್ಣಾಗಿ ಹದಿನೈದು ದಿನವಾದರೂ ಗೊತ್ತಾಗಿಲ್ಲ, ಕಾಲುಚೀಲ ಒದ್ದೆಯಾದಾಗ ಅವ್ವನಿಗೆ ಕಂಡದ್ದು. ಗದಗ ಎಕ್ಸ್‌ಪ್ರೆಸ್ ಹತ್ತಿಸಿ ಪುಣೆಗೆ ಕರೆಸಿಕೊಂಡೆ.

ಹೀಗೆ ಎರಡು ಸೀಸೆ ಅಕ್ಕಪಕ್ಕ ಕೂತವು. ಮೊದಲು ಹೆದರಿದ್ದು ನನ್ನ ಹೆಂಡತಿ. “ಮಾವನವರು ಕನ್ನಡಕ ಇಲ್ಲದೆ ನಸುಕಿನಾಗ ಎದ್ದು ಇನ್ಸುಲಿನ್ ತಗೋತಾರ, ನಿಮ್ಮ ಸೀಸೆ ಕೈಗೆ ಬಂದರ?” ನಾನು ಅದನ್ನು ಮೇಲಿನ ತಟ್ಟೆಗೆ ಸರಿಸುವ ಮೊದಲೇ ಅಪ್ಪನ ಕಣ್ಣಿಗೆ ಬಿತ್ತು.

“ತಮ್ಮಾ, ಇದೇನೋ ಇದು? ನನ್ನ ಇನ್ಸುಲಿನ್ನಿನ ತಮ್ಮ ಇದ್ದಂಗ ಐತಲ್ಲ!”

ಹೇಳಿದೆ. ಕಾಲು ನೋವಿಗೆ, ಗಾಯ ಬೇಗ ಮಾಯುತ್ತದಂತೆ, ಪೆಪ್ಟೈಡ್ ಅಂತ.

“ಯಾವ ಡಾಕ್ಟರ್ ಬರದಾರ?”

ಯಾರೂ ಇಲ್ಲ.

“ಮತ್ತ ಯಾರಿಗೆ ಕೊಟ್ಟು ನೋಡ್ಯಾರ?”

“ಇಲಿಗೆ” ಎಂದೆ. ಅಪ್ಪ ಮೂವತ್ತಾರು ವರ್ಷ ಪ್ರೈಮರಿ ಶಾಲೆಯ ಮಾಸ್ತರರಾಗಿದ್ದವರು. ತಪ್ಪು ಉತ್ತರ ಕೊಟ್ಟ ಹುಡುಗನಿಗೆ ಬೈಯುವುದಿಲ್ಲ, ಇನ್ನೊಂದು ಪ್ರಶ್ನೆ ಕೇಳುತ್ತಾರೆ. “ನಾನೂ ದಿನಾ ಸೂಜಿ ಚುಚ್ಕೋತೀನಿ. ನನ್ನ ಸೂಜಿಗೂ ನಿನ್ನ ಸೂಜಿಗೂ ಏನ್ ಫರಕ್ ಐತಿ, ತಿಳಿಸಿ ಹೇಳು ನೋಡೂಣು.”

ಹೇಳಲು ಬರಲಿಲ್ಲ. ಆ ರಾತ್ರಿಯಿಂದ ಓದಲು ಕೂತೆ.

ಮೊದಲ ಆಶ್ಚರ್ಯವೆಂದರೆ ಅಪ್ಪನ ಮಾತು ರಸಾಯನಶಾಸ್ತ್ರದ ಮಟ್ಟಿಗೆ ಸರಿಯಾಗಿತ್ತು. ಇವೆರಡೂ ಅಣ್ಣತಮ್ಮಂದಿರೇ. ಅಮೈನೋ ಆಮ್ಲಗಳನ್ನು ಮಣಿಗಳಂತೆ ಪೋಣಿಸಿದರೆ ಪೆಪ್ಟೈಡ್. ಸರ ಬಹಳ ಉದ್ದವಾದರೆ ಅದನ್ನು ಪ್ರೋಟೀನ್ ಎನ್ನುತ್ತಾರೆ. ಇನ್ಸುಲಿನ್ 51 ಮಣಿಗಳದ್ದು, ಬಿಪಿಸಿ-157 ಬರೀ 15ರದ್ದು. ಮೂಳೆ ಸವೆತಕ್ಕೆ ಕೊಡುವ ಟೆರಿಪ್ಯಾರಟೈಡ್ 34 ಮಣಿಗಳ ಪೆಪ್ಟೈಡ್. ಈಗ ತೂಕ ಇಳಿಸಲು ಎಲ್ಲರ ಬಾಯಲ್ಲಿರುವ ಸೆಮಾಗ್ಲೂಟೈಡ್ ಕೂಡ ಅದೇ ವಂಶ. ಹಾಗಾಗಿ ‘ಪೆಪ್ಟೈಡ್ ಒಳ್ಳೆಯದೇ, ಕೆಟ್ಟದ್ದೇ’ ಎಂಬ ಪ್ರಶ್ನೆಗೆ ಅರ್ಥವಿಲ್ಲ. ಯಾವ ಪೆಪ್ಟೈಡ್, ಅದು ಎಲ್ಲಿಯವರೆಗೆ ನಡೆದು ಬಂದಿದೆ ಎಂದು ಕೇಳಬೇಕು.

ಇನ್ಸುಲಿನ್ ಕೂಡ ಒಂದು ಕಾಲದಲ್ಲಿ ಸಂಶೋಧನೆಯ ಸೀಸೆಯೇ. 1922ರ ಜನವರಿ 11ರಂದು ಟೊರಾಂಟೊದಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ 14 ವರ್ಷದ ಹುಡುಗನಿಗೆ ಮೊದಲ ಚುಚ್ಚುಮದ್ದು ಕೊಟ್ಟರು. ಅಷ್ಟೇನೂ ಗುಣ ಕಾಣಲಿಲ್ಲ, ಚುಚ್ಚಿದ ಜಾಗದಲ್ಲಿ ಕೀವುಗಟ್ಟಿತು. ಪ್ರಾಣಿಯ ಮೇದೋಜೀರಕ ಗ್ರಂಥಿಯಿಂದ ತೆಗೆದ ಸಾರದಲ್ಲಿ ಕಸ ಬಹಳವಿತ್ತು. ಜೇಮ್ಸ್ ಕಾಲಿಪ್ ಎಂಬ ರಸಾಯನಶಾಸ್ತ್ರಜ್ಞ ಹಗಲೂ ರಾತ್ರಿ ಕೂತು ಅದನ್ನು ಶುದ್ಧಮಾಡಿದ. 23ನೇ ತಾರೀಖು ಮತ್ತೆ ಕೊಟ್ಟರು, ಹುಡುಗ ಬದುಕಿದ. ಔಷಧ ಅದೇ, ಹುಡುಗ ಅವನೇ. ಹನ್ನೆರಡು ದಿನದಲ್ಲಿ ಬದಲಾದದ್ದು ಶುದ್ಧತೆ. ಮುಂದಿನ ನೂರು ವರ್ಷ ಅದರ ಪ್ರತಿ ಹನಿಗೂ ಲೆಕ್ಕ ಇಟ್ಟಿದ್ದಾರೆ. ಅಪ್ಪನ ಸೀಸೆಯ ಮೇಲೆ ಬ್ಯಾಚ್ ನಂಬರಿದೆ, ತಯಾರಕರ ವಿಳಾಸವಿದೆ, ಕೆಟ್ಟರೆ ದೂರು ಕೊಡಲು ಒಂದು ಬಾಗಿಲಿದೆ.

ನನ್ನ ಸೀಸೆಯ ಊರು ಕ್ರೊಯೇಷಿಯಾದ ಝಾಗ್ರೆಬ್. ಅಂದರೆ ಕಲ್ಪನೆಯ ಊರು ಅದು, ಪುಡಿ ಎಲ್ಲಿ ತಯಾರಾಯಿತೋ ಲೇಬಲ್ ಹೇಳುವುದಿಲ್ಲ. ಝಾಗ್ರೆಬ್ ವಿಶ್ವವಿದ್ಯಾಲಯದ ಪ್ರೆಡ್ರಾಗ್ ಸಿಕಿರಿಚ್ ಮತ್ತು ಸಂಗಡಿಗರು 1990ರ ದಶಕದ ಆರಂಭದಿಂದ ಇದರ ಮೇಲೆ ಕೆಲಸ ಮಾಡುತ್ತಿದ್ದಾರೆ. ಮನುಷ್ಯರ ಜಠರರಸದ ಒಂದು ಪ್ರೋಟೀನಿನ ತುಣುಕು ಎಂಬುದು ಅವರ ಹೇಳಿಕೆ. ಹೆಸರಿನ ಮೊದಲ ಮೂರು ಅಕ್ಷರ ‘ಬಾಡಿ ಪ್ರೊಟೆಕ್ಷನ್ ಕಾಂಪೌಂಡ್’ ಎಂಬುದರದ್ದು. ಇಲಿಯ ಹೊಟ್ಟೆಹುಣ್ಣಿನಿಂದ ಶುರುವಾಗಿ ಕರುಳು, ಸ್ನಾಯು, ಮೂಳೆ, ನರ, ಹೀಗೆ ಎಲ್ಲದರ ಮೇಲೂ ಪ್ರಯೋಗಗಳಾದವು. 2003ರಲ್ಲಿ ಪ್ರಕಟವಾದ ಒಂದರಲ್ಲಿ ಇಲಿಗಳ ಅಕಿಲೀಸ್ ಟೆಂಡನ್ನನ್ನೇ ಕತ್ತರಿಸಿ ಈ ಪೆಪ್ಟೈಡ್ ಕೊಟ್ಟಿದ್ದರು. ಕೊಡದ ಇಲಿಗಳಿಗಿಂತ ಚೆನ್ನಾಗಿ ಕೂಡಿಕೊಂಡಿತು. ಬರೀ ಒಂದೇ ಗುಂಪಿನ ಮಾತು ಎನ್ನುವಂತೆಯೂ ಇಲ್ಲ. ತೈವಾನಿನ ಸಂಶೋಧಕರೂ ಇಲಿಯ ಟೆಂಡನ್ ಕೋಶಗಳ ಮೇಲೆ ಒಳ್ಳೆಯ ಪರಿಣಾಮ ಕಂಡಿದ್ದಾರೆ. ನನ್ನ ಸಹೋದ್ಯೋಗಿ ಸುಳ್ಳು ಹೇಳಿರಲಿಲ್ಲ.

ಆದರೆ ಅಲ್ಲಿಂದ ಮುಂದೆ ದಾರಿ ತಪ್ಪುತ್ತದೆ. ಕ್ರೊಯೇಷಿಯಾದ ಪ್ಲೀವಾ ಎಂಬ ಕಂಪನಿ ಇದನ್ನು ದೊಡ್ಡ ಕರುಳಿನ ಹುಣ್ಣಿಗೆ ಔಷಧವಾಗಿಸಲು ಕೈಹಾಕಿತು. ಪ್ಲೀವಾ ಸಣ್ಣ ಹೆಸರಲ್ಲ. ಕೋವಿಡ್ ಕಾಲದಲ್ಲಿ ನಾವೆಲ್ಲ ಚೀಟಿ ಇಲ್ಲದೆಯೂ ನುಂಗಿದ ಅಜಿತ್ರೋಮೈಸಿನ್ ಕಂಡುಹಿಡಿದವರು ಅವರೇ. ಅಂಥವರು ಹಿಡಿದ ಕೆಲಸವೂ ಮಾರುಕಟ್ಟೆ ಮುಟ್ಟಲಿಲ್ಲ. 2015ರಲ್ಲಿ ಆರೋಗ್ಯವಂತ ಸ್ವಯಂಸೇವಕರ ಮೇಲೆ ಮೊದಲ ಹಂತದ ಪ್ರಯೋಗವೊಂದು ನೋಂದಣಿಯಾಯಿತು, ಫಲಿತಾಂಶ ಪ್ರಕಟವಾಗಲಿಲ್ಲ. ಮಿಕ್ಕಂತೆ ಮನುಷ್ಯರ ವಿಷಯದಲ್ಲಿ ಇರುವುದು ಬೆರಳೆಣಿಕೆಯ ಜನರ, ಹೋಲಿಕೆಗೆ ಇನ್ನೊಂದು ಗುಂಪೇ ಇಲ್ಲದ ಸಣ್ಣ ವರದಿಗಳು. ಮೂವತ್ತು ವರ್ಷ ಇಲಿಗಳಲ್ಲಿ ಗೆದ್ದ ವಸ್ತುವಿಗೆ ಮನುಷ್ಯರ ಮೇಲೆ ಒಂದು ದೊಡ್ಡ, ನೆಟ್ಟಗಿನ ಪರೀಕ್ಷೆಯ ಫಲಿತಾಂಶವಿಲ್ಲ. ಅಮೆರಿಕದ ಎಫ್‌ಡಿಎ 2023ರಲ್ಲಿ ಇದನ್ನು, ಔಷಧ ಬೆರೆಸಿಕೊಡುವ ಅಂಗಡಿಗಳು ಬಳಸಿದರೆ ಸುರಕ್ಷತೆಯ ಅಪಾಯವಿರಬಹುದಾದ ವಸ್ತುಗಳ ಪಟ್ಟಿಗೆ ಹಾಕಿತು. ನಮ್ಮಲ್ಲಿ ಹೊಸ ಔಷಧ ಮಾರಬೇಕಾದರೆ ಕೇಂದ್ರ ಔಷಧ ನಿಯಂತ್ರಣ ಸಂಸ್ಥೆಯ ಒಪ್ಪಿಗೆ ಬೇಕು, 2019ರ ಹೊಸ ಔಷಧ ನಿಯಮಗಳ ಪ್ರಕಾರ. ‘ಸಂಶೋಧನೆಗೆ ಮಾತ್ರ’ ಎಂಬ ಸಾಲು ಇರುವುದು ಅದಕ್ಕೇ. ಅದು ನನ್ನನ್ನು ಎಚ್ಚರಿಸಲು ಬರೆದದ್ದಲ್ಲ, ಮಾರುವವನನ್ನು ಕಾಪಾಡಲು ಬರೆದದ್ದು.

ಓಟಗಾರರಿಗೆ ಇನ್ನೊಂದು ಮಾತು. ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ, ಅಂದರೆ ವಾಡಾ, 2022ರಿಂದ ಬಿಪಿಸಿ-157ರ ಹೆಸರನ್ನೇ ನಿಷೇಧಿತ ಪಟ್ಟಿಯಲ್ಲಿ ಬರೆದಿದೆ. ಟಿಬಿ-500 ಮತ್ತು ಅದರ ಮೂಲವಾದ ಥೈಮೊಸಿನ್ ಬೀಟಾ-4 ಕೂಡ ನಿಷೇಧಿತ. ಆಸ್ಟ್ರೇಲಿಯಾದ ಎಸೆಂಡನ್ ಫುಟ್‌ಬಾಲ್ ಕ್ಲಬ್ಬಿನಲ್ಲಿ 2012ರ ಋತುವಿನಲ್ಲಿ ಆಟಗಾರರಿಗೆ ಸಾಲುಸಾಲು ಚುಚ್ಚುಮದ್ದು ಕೊಟ್ಟರು. ಏನು ಕೊಟ್ಟರು ಎಂಬುದಕ್ಕೆ ಸರಿಯಾದ ದಾಖಲೆಯೇ ಇರಲಿಲ್ಲ. 2016ರ ಜನವರಿಯಲ್ಲಿ ಕ್ರೀಡಾ ನ್ಯಾಯಮಂಡಳಿ ಥೈಮೊಸಿನ್ ಬೀಟಾ-4ರ ಕಾರಣಕ್ಕೆ 34 ಆಟಗಾರರನ್ನು ಅಮಾನತು ಮಾಡಿತು. ನಾನು ಓಡುವುದು ಟೀಶರ್ಟಿಗೆ ಮತ್ತು ಉಪ್ಪಿಟ್ಟಿಗೆ, ನನ್ನನ್ನು ಯಾರೂ ಹಿಡಿಯುವುದಿಲ್ಲ. ಆದರೆ ನಮ್ಮ ಸೊಸೈಟಿಯಲ್ಲೇ ರಾಜ್ಯಮಟ್ಟಕ್ಕೆ ಆಡುವ ಮಕ್ಕಳಿದ್ದಾರೆ, ಅವರು ಹೋಗುವುದೂ ಅದೇ ಜಿಮ್‌ಗೆ.

ಸೀಸೆಯ ಜೊತೆ ಒಂದು ಪ್ರಮಾಣಪತ್ರ ಬಂದಿತ್ತು, ಶೇ. 99 ಶುದ್ಧ ಎಂದು. ಅದನ್ನು ನೋಡಿ ಸಮಾಧಾನಪಟ್ಟಿದ್ದೆ. ಪೆಪ್ಟೈಡನ್ನು ಹೇಗೆ ಮಾಡುತ್ತಾರೆಂದು ಓದಿದ ಮೇಲೆ ಆ ಸಮಾಧಾನ ಹೋಯಿತು. 1963ರಲ್ಲಿ ಬ್ರೂಸ್ ಮೆರಿಫೀಲ್ಡ್ ತೋರಿಸಿದ ದಾರಿ ಅದು, 1984ರಲ್ಲಿ ಅವರಿಗೆ ನೊಬೆಲ್ ಬಂತು. ಪುಟ್ಟ ರಾಳದ ಮಣಿಗಳಿಗೆ ಮೊದಲ ಅಮೈನೋ ಆಮ್ಲವನ್ನು ಅಂಟಿಸಿ, ತೊಳೆದು, ಎರಡನೆಯದನ್ನು ಸೇರಿಸಿ, ತೊಳೆದು, ಹೀಗೆ ಸರ ಕಟ್ಟುತ್ತ ಹೋಗುವುದು. ನಮ್ಮ ವೃತ್ತಿಯವರಿಗೆ ಲೆಕ್ಕ ಕೂಡಲೇ ಹತ್ತುತ್ತದೆ. ಪ್ರತಿ ಜೋಡಣೆ ಶೇ. 99 ಯಶಸ್ವಿಯಾದರೆ, 15 ಮಣಿಗೆ 14 ಜೋಡಣೆ, ಕೊನೆಗೆ ಸರಿಯಾದ ಸರ ನೂರಕ್ಕೆ 87 ಮಾತ್ರ. ಥೈಮೊಸಿನ್ ಬೀಟಾ-4ರಂತೆ 43 ಮಣಿಯಾದರೆ ನೂರಕ್ಕೆ 66. ಉಳಿದದ್ದೆಲ್ಲ ಒಂದೆರಡು ಮಣಿ ತಪ್ಪಿದ ಸರಗಳು. ಅವನ್ನು ಬೇರ್ಪಡಿಸುವುದೇ ದುಡ್ಡಿನ ಕೆಲಸ. ಅದನ್ನು ಮಾಡಿದ್ದಾರೆಂದೇ ಇಟ್ಟುಕೊಳ್ಳಿ. ಆ ಶೇ. 99 ಹೇಳುವುದು ಪೆಪ್ಟೈಡಿನ ಬಗ್ಗೆ ಮಾತ್ರ. ಪುಡಿ ಸೂಕ್ಷ್ಮಾಣುಮುಕ್ತವೇ, ಜ್ವರ ಬರಿಸುವ ಬ್ಯಾಕ್ಟೀರಿಯಾ ಗೋಡೆಯ ಚೂರುಗಳು ಉಳಿದಿವೆಯೇ ಎಂಬುದನ್ನು ಆ ಪರೀಕ್ಷೆ ನೋಡುವುದೇ ಇಲ್ಲ, ಅವಕ್ಕೆ ಬೇರೆ ಪರೀಕ್ಷೆಗಳಿವೆ. ಲಿಯೊನಾರ್ಡ್ ಥಾಂಪ್ಸನ್ನನ ಕೀವು ನೆನಪಾಯಿತು.

ಇಷ್ಟರಲ್ಲಿ ಅಪ್ಪನ ಕಾಲಿನ ಚಿಕಿತ್ಸೆ ಶುರುವಾಗಿತ್ತು. ಅಲ್ಲಿ ನಾನು ನಿರೀಕ್ಷಿಸದ ಸಂಗತಿಯೊಂದು ಎದುರಾಯಿತು. ಶಸ್ತ್ರವೈದ್ಯರು ಸತ್ತ ಮಾಂಸವನ್ನು ಕೆರೆದು ತೆಗೆದು, ಎರಡು ವಾರದ ನಂತರ ಒಂದು ಜೆಲ್ ಬರೆದುಕೊಟ್ಟರು. ಡಬ್ಬಿ ತಿರುಗಿಸಿ ನೋಡಿದರೆ ಇಜಿಎಫ್, ಎಪಿಡರ್ಮಲ್ ಗ್ರೋತ್ ಫ್ಯಾಕ್ಟರ್. 53 ಮಣಿಗಳ ಸರ. ಅದೂ ಪೆಪ್ಟೈಡೇ! ಗಾಯ ಮಾಯಿಸುವ ಪೆಪ್ಟೈಡನ್ನು ನಾನು ಕದ್ದುಮುಚ್ಚಿ ತಂದಿಟ್ಟಿದ್ದೆ, ಅಪ್ಪನಿಗೆ ಅದೇ ಜಾತಿಯದ್ದು ಮೆಡಿಕಲ್ ಶಾಪಿನಲ್ಲಿ ಬಿಲ್ಲು ಸಮೇತ ಸಿಕ್ಕಿತು.

ಇದರ ಕಥೆ ಅಪ್ಪನಿಗೆ ಬಹಳ ಹಿಡಿಸಿತು. ಸ್ಟ್ಯಾನ್ಲಿ ಕೊಹೆನ್ ಎಂಬ ಅಮೆರಿಕದ ವಿಜ್ಞಾನಿ ಇಲಿಯ ಜೊಲ್ಲಿನ ಗ್ರಂಥಿಯ ಸಾರವನ್ನು ಆಗಷ್ಟೇ ಹುಟ್ಟಿದ ಇಲಿಮರಿಗಳಿಗೆ ಚುಚ್ಚಿದಾಗ ಅವು ಎಂದಿಗಿಂತ ಒಂದು ವಾರ ಮೊದಲೇ ಕಣ್ಣು ಬಿಟ್ಟವು. ಯಾಕೆಂದು ಬೆನ್ನು ಹತ್ತಿ ಹೋದರು, ಇಜಿಎಫ್ ಸಿಕ್ಕಿತು, 1986ರಲ್ಲಿ ರೀಟಾ ಲೆವಿ-ಮೊಂಟಾಲ್ಚಿನಿ ಅವರೊಂದಿಗೆ ನೊಬೆಲ್. “ಅಂದ್ರ ನಾಯಿ ಗಾಯ ನೆಕ್ಕೋದು ಸುಮ್ಮನಲ್ಲ ಅನ್ನು” ಎಂದರು ಅಪ್ಪ. ನಮ್ಮಲ್ಲಿ ಹೈದರಾಬಾದಿನ ಭಾರತ್ ಬಯೋಟೆಕ್, ಕೊವ್ಯಾಕ್ಸಿನ್ ಹೆಸರು ಯಾರಿಗೂ ಗೊತ್ತಿಲ್ಲದ ಕಾಲದಲ್ಲೇ, ಇದನ್ನು ಮಧುಮೇಹಿಗಳ ಪಾದದ ಹುಣ್ಣಿಗೆಂದು ಜೆಲ್ ಮಾಡಿ, ಭಾರತದ ರೋಗಿಗಳ ಮೇಲೆ ಪರೀಕ್ಷಿಸಿ, ಪ್ರಕಟಿಸಿ, ಅನುಮತಿ ಪಡೆದು ಮಾರಿತು. ಕ್ಯೂಬಾದವರು ಅದನ್ನೇ ಹುಣ್ಣಿನ ಸುತ್ತ ಚುಚ್ಚುವ ಮದ್ದಾಗಿ ಮಾಡಿದರು.

ಹಾಗಾದರೆ ಈ ಜೆಲ್ ಸಂಜೀವಿನಿಯೇ? ಅಲ್ಲ. ವೈದ್ಯರೇ ನಕ್ಕು ಹೇಳಿದರು, “ಜೆಲ್ ಕೊನೆಗೆ. ಮೊದಲು ಸತ್ತ ಮಾಂಸ ತೆಗೆಯೋದು, ಸಕ್ಕರೆ ಇಳಿಸೋದು, ಎಲ್ಲಕ್ಕಿಂತ ಮೊದಲು ಕಾಲಿನ ಮೇಲೆ ಭಾರ ಬೀಳದ ಹಾಗೆ ನೋಡೋದು.” ಮಧುಮೇಹಿ ಪಾದಕ್ಕೆ ಸಂಬಂಧಿಸಿದ ಅಂತರರಾಷ್ಟ್ರೀಯ ತಜ್ಞರ ಮಾರ್ಗಸೂಚಿ ಇನ್ನೂ ಖಡಕ್ಕಾಗಿದೆ. ಇಂಥ ಗ್ರೋತ್ ಫ್ಯಾಕ್ಟರ್‌ಗಳನ್ನು ಮಾಮೂಲಾಗಿ ಬಳಸಬೇಡಿ, ಸಾಕ್ಷ್ಯ ಸಾಲದು ಎನ್ನುತ್ತದೆ. ಪರೀಕ್ಷೆ ದಾಟಿ ಬಂದ ಪೆಪ್ಟೈಡಿನ ಬಗ್ಗೆಯೇ ಹೀಗೆ.

ಇಲ್ಲಿ ಬೆಕಾಪ್ಲರ್ಮಿನ್ ಎಂಬ ಇನ್ನೊಂದು ಜೆಲ್‌ನ ಕಥೆ ಹೇಳಲೇಬೇಕು. ಅದೂ ಗ್ರೋತ್ ಫ್ಯಾಕ್ಟರ್, ಅದೂ ಪಾದದ ಹುಣ್ಣಿಗೇ. 1997ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಹತ್ತು ವರ್ಷ ಜನ ಬಳಸಿದ ಮೇಲೆ, ಮೂರು ಅಥವಾ ಹೆಚ್ಚು ಟ್ಯೂಬ್ ಬಳಸಿದವರಲ್ಲಿ ಕ್ಯಾನ್ಸರ್ ಸಾವು ಹೆಚ್ಚು ಕಾಣುತ್ತಿದೆ ಎಂದು 2008ರಲ್ಲಿ ಡಬ್ಬಿಯ ಮೇಲೆ ಕಪ್ಪು ಚೌಕಟ್ಟಿನ ಎಚ್ಚರಿಕೆ ಹಾಕಿದರು. ಇನ್ನೂ ಹತ್ತು ವರ್ಷ ಲೆಕ್ಕ ನೋಡಿ, ಆ ಭಯಕ್ಕೆ ಆಧಾರ ಸಾಲದು ಎಂದು 2018ರಲ್ಲಿ ಚೌಕಟ್ಟನ್ನು ತೆಗೆದರು. ಭಯ ಹುಸಿಯಾಯಿತು ಎಂಬುದಕ್ಕಿಂತ ನನಗೆ ದೊಡ್ಡದಾಗಿ ಕಂಡದ್ದು ಇಷ್ಟು: ಇಪ್ಪತ್ತು ವರ್ಷ ಯಾರೋ ಎಣಿಸುತ್ತ ಕೂತಿದ್ದರು. ಬಿಪಿಸಿ-157 ಕೂಡ ಹೊಸ ರಕ್ತನಾಳ ಬೆಳೆಸುತ್ತದೆ ಎಂದು ಇಲಿ ಪ್ರಯೋಗಗಳು ಹೇಳುತ್ತವೆ. ರಕ್ತನಾಳ ಗಡ್ಡೆಗೂ ಬೇಕು. ನಮ್ಮ ಜಿಮ್‌ನಲ್ಲಿ ಚುಚ್ಚಿಸಿಕೊಂಡವರನ್ನು ಎಣಿಸುವವರು ಯಾರು?

ಭಾರದ ವಿಷಯಕ್ಕೆ ಬರುತ್ತೇನೆ, ನನ್ನ ಕಣ್ಣು ತೆರೆಸಿದ್ದು ಅದು. ಅಪ್ಪನಿಗೆ ಮೊಣಕಾಲಿನವರೆಗೆ ಪ್ಲಾಸ್ಟರಿನ ಬೂಟು ಹಾಕಿದರು, ಪಾದಕ್ಕೆ ಒತ್ತಿ ಕೂರುವಂಥದ್ದು. ನಡೆದರೂ ಭಾರ ಹುಣ್ಣಿನ ಮೇಲೆ ಬೀಳದೆ ಇಡೀ ಕಾಲಿಗೆ ಹಂಚಿಹೋಗುತ್ತದೆ. ಈ ಪ್ಲಾಸ್ಟರು ನಮಗೆ ದೊರೆತದ್ದು ಕುಷ್ಠರೋಗಿಗಳ ಪಾದದಿಂದ. 1946ರಲ್ಲಿ ವೆಲ್ಲೂರಿಗೆ ಬಂದ ಶಸ್ತ್ರವೈದ್ಯ ಪಾಲ್ ಬ್ರ್ಯಾಂಡ್, ಕುಷ್ಠರೋಗಿಗಳ ಬೆರಳು ತಾವಾಗಿ ಕೊಳೆತು ಬೀಳುವುದಿಲ್ಲ, ನೋವು ಗೊತ್ತಾಗದೆ ಅವರೇ ಗಾಯ ಮಾಡಿಕೊಳ್ಳುತ್ತಾರೆ ಎಂದು ತೋರಿಸಿಕೊಟ್ಟವರು. ನೋವಿಲ್ಲದ ಪಾದಕ್ಕೆ ಮದ್ದಿಗಿಂತ ಮೊದಲು ಸರಿಯಾದ ಚಪ್ಪಲಿ ಬೇಕು ಎಂದು ಹಟ ಹಿಡಿದವರು. ಮೆತ್ತನೆಯ ಮೈಕ್ರೋ ಸೆಲ್ಯುಲರ್ ರಬ್ಬರಿನ ಎಂಸಿಆರ್ ಚಪ್ಪಲಿ ಬಂದದ್ದು ಆ ಕೆಲಸದಿಂದ. ನಮ್ಮ ಪಕ್ಕದ ಕೊಂಢವಾದಲ್ಲಿ ಸರ್ಕಾರದ ಕುಷ್ಠರೋಗ ಆಸ್ಪತ್ರೆ ಇದೆ, ಎಷ್ಟೋ ಸಲ ಅದರ ಮುಂದೆ ಓಡಿದ್ದೇನೆ. ನನ್ನ ಅಪ್ಪನ ಕಾಲು ಉಳಿಸುವ ವಿದ್ಯೆ ಆ ಬಗೆಯ ವಾರ್ಡುಗಳಲ್ಲಿ ಹುಟ್ಟಿತು ಎಂದು ಗೊತ್ತಿರಲಿಲ್ಲ.

ಅಪ್ಪನ ಹುಣ್ಣಿಗೆ ಭಾರ ತೆಗೆಯಬೇಕು. ನನ್ನ ಹಿಮ್ಮಡಿಗೆ?

ಇದನ್ನು ಕೇಳಿದ್ದು ಕೊನೆಗೂ ನಾನು ಹೋದ ಫಿಸಿಯೋಥೆರಪಿಸ್ಟ್. ಐದು ತಿಂಗಳು ವಿಶ್ರಾಂತಿ ಕೊಟ್ಟೆ ಎಂದಾಗ ಆಕೆ ಹಣೆ ಚಚ್ಚಿಕೊಳ್ಳುವುದೊಂದು ಬಾಕಿ. ಟೆಂಡನ್ ಎಂದರೆ ಬಹುಪಾಲು ಕೊಲಾಜೆನ್, ಮೂರೆಳೆಯ ಜಡೆಯಂತೆ ಹೆಣೆದ ಪ್ರೋಟೀನ್. ಆ ಮೂರೆಳೆಯ ರಚನೆಯನ್ನು 1954-55ರಲ್ಲಿ ಮುಂದಿಟ್ಟವರು ಮದ್ರಾಸ್ ವಿಶ್ವವಿದ್ಯಾಲಯದ ಜಿ. ಎನ್. ರಾಮಚಂದ್ರನ್ ಮತ್ತು ಗೋಪಿನಾಥ್ ಕರ್ತಾ. ಅವರಿಗೆ ಸಿಕ್ಕ ಶುದ್ಧ ಕೊಲಾಜೆನ್ ಕಾಂಗರೂ ಬಾಲದ ಟೆಂಡನ್ನಿನದು, ಅಲ್ಲೇ ಇದ್ದ ಚರ್ಮ ಸಂಶೋಧನಾಲಯ ಒದಗಿಸಿದ್ದು. ರಾಮಚಂದ್ರನ್ ಮುಂದೆ ಬೆಂಗಳೂರಿನ ಐಐಎಸ್‌ಸಿಗೆ ಬಂದರು. ಅದೇ ಜಡೆಯನ್ನು ಸಣ್ಣ ಪೆಪ್ಟೈಡ್‌ಗಳಲ್ಲಿ ಹೆಣೆದು ನೋಡಿದವರಲ್ಲಿ ಬೆಂಗಳೂರಿನ ಕೆ. ಎನ್. ಗಣೇಶ್ ಒಬ್ಬರು. ಇದೇ ಪುಣೆಯ ಎನ್‌ಸಿಎಲ್‌ನಲ್ಲಿದ್ದವರು, 2006ರಲ್ಲಿ ಇಲ್ಲಿನ ಐಸರ್‌ನ ಮೊದಲ ನಿರ್ದೇಶಕರಾದವರು.

ಕೊಲಾಜೆನ್ ಬಗ್ಗೆ ಓದುವಾಗ ಸಿಕ್ಕ ಇನ್ನೊಂದು ಸಂಗತಿ ಇದು. 1950-60ರ ದಶಕದ ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಯಲ್ಲಿ ಕಾರ್ಬನ್-14 ಏರಿತ್ತು. ಯಾವ ವರ್ಷ ಎಷ್ಟಿತ್ತು ಎಂಬ ದಾಖಲೆ ಇದೆ. ಡೆನ್ಮಾರ್ಕಿನ ಸಂಶೋಧಕರು ಅದನ್ನೇ ಗಡಿಯಾರ ಮಾಡಿಕೊಂಡು, ಬೇರೆಬೇರೆ ವರ್ಷ ಹುಟ್ಟಿದವರ ಅಕಿಲೀಸ್ ಟೆಂಡನ್ನಿನ ತಿರುಳು ಯಾವಾಗ ಆದದ್ದು ಎಂದು ಲೆಕ್ಕ ಹಾಕಿ 2013ರಲ್ಲಿ ಪ್ರಕಟಿಸಿದರು. ಹುಟ್ಟಿನಿಂದ ಸುಮಾರು 17 ವರ್ಷದವರೆಗೆ ಆದದ್ದೇ ಕೊನೆ, ಆಮೇಲೆ ತಿರುಳು ಬದಲಾಗುವುದು ಇಲ್ಲವೆನ್ನುವಷ್ಟು ಕಡಿಮೆ. ನಾನು ಪಿಯುಸಿ ಮುಗಿಸಿ ಗದಗ ಬಿಟ್ಟಾಗ ನನಗೆ ಹದಿನೇಳು. ಅಂದರೆ ಪುಣೆಯ ರಸ್ತೆಗಳಲ್ಲಿ ನನ್ನನ್ನು ಓಡಿಸುತ್ತಿರುವ ಹಗ್ಗದ ತಿರುಳು ಗದಗಿನ ರೊಟ್ಟಿ, ಅವ್ವನ ಬ್ಯಾಳಿ, ಹಿತ್ತಲಿನ ಎಮ್ಮೆಯ ಮಜ್ಜಿಗೆಯಲ್ಲಿ ಆದದ್ದು. ಇದನ್ನು ಅವ್ವನಿಗೆ ಫೋನಿನಲ್ಲಿ ಹೇಳಿದೆ. “ಮತ್ತ ಎಷ್ಟ್ ಸಲ ಹೇಳೀನಿ, ಹೊರಗಿಂದು ತಿನಬ್ಯಾಡ ಅಂತ” ಎಂದಳು. ಸಂಶೋಧನೆಯ ತಾತ್ಪರ್ಯ ಅದಲ್ಲ, ಬಿಡಿ.

ಹಳೆಯ ತಿರುಳು ಬದಲಾಗದಿದ್ದರೂ ಹಗ್ಗವನ್ನು ಬಲಗೊಳಿಸಬಹುದು, ಭಾರ ಹೊರಿಸಿ. ಸ್ವೀಡನ್ನಿನ ಹೋಕನ್ ಆಲ್ಫ್ರೆಡ್‌ಸನ್ ಎಂಬ ಮೂಳೆವೈದ್ಯರಿಗೆ ನನ್ನದೇ ನೋವಿತ್ತು. ಆಪರೇಷನ್ ಮಾಡಲು ಮೇಲಿನವರು ಒಪ್ಪದಾಗ, ಟೆಂಡನ್ ಹರಿದೇ ಹೋಗಲಿ, ಆಗಲಾದರೂ ಮಾಡುತ್ತಾರೆ ಎಂದು ಅದರ ಮೇಲೆ ಭಾರ ಹಾಕತೊಡಗಿದರಂತೆ. ಹರಿಯಲಿಲ್ಲ, ನೋವೇ ಹೋಯಿತು. 1998ರಲ್ಲಿ ಅವರು 15 ಓಟಗಾರರ ಮೇಲೆ ಇದನ್ನು ಮಾಡಿ ಪ್ರಕಟಿಸಿದರು. ಮೆಟ್ಟಿಲಿನ ಅಂಚಿನಲ್ಲಿ ಮುಂಗಾಲಿನ ಮೇಲೆ ನಿಂತು ಹಿಮ್ಮಡಿಯನ್ನು ನಿಧಾನ ಕೆಳಗಿಳಿಸುವುದು. ಮೊಣಕಾಲು ನೆಟ್ಟಗಿಟ್ಟು 15ರಂತೆ ಮೂರು ಸಲ, ಮಡಚಿ ಮೂರು ಸಲ, ಬೆಳಿಗ್ಗೆ ಸಂಜೆ, 12 ವಾರ. ದಿನಕ್ಕೆ 180. ಹದಿನೈದೂ ಜನ ಮತ್ತೆ ಓಡಿದರು. ಇದೂ ಸಣ್ಣ ಪ್ರಯೋಗವೇ, ಆದರೆ ಇದನ್ನು ಬೇರೆ ದೇಶದವರು, ಬೇರೆ ಗುಂಪಿನವರು ಮತ್ತೆ ಮತ್ತೆ ಮಾಡಿ ನೋಡಿದ್ದಾರೆ. ಎಲ್ಲರಿಗೂ ಗುಣವಾಗದು ಎಂಬುದೂ ಅದರಿಂದಲೇ ಗೊತ್ತಾಯಿತು. ಅದೇ ಆಲ್ಫ್ರೆಡ್‌ಸನ್ ತಂಡಕ್ಕೆ ನೋಯುವ ಟೆಂಡನ್ನುಗಳಲ್ಲಿ ಹೊಸ ರಕ್ತನಾಳಗಳು ನುಗ್ಗಿರುವುದು ಕಂಡಿತ್ತು. ಅವನ್ನು ಮುಚ್ಚುವ ಮದ್ದು ಚುಚ್ಚಿದಾಗ ನೋವು ಇಳಿದದ್ದೂ ಉಂಟು. ನನ್ನ ಸೀಸೆ ಕೊಡುತ್ತೇನೆಂದದ್ದು ಹೊಸ ರಕ್ತನಾಳಗಳನ್ನೇ! ಆಗಷ್ಟೇ ಕತ್ತರಿಸಿದ ಇಲಿಯ ಟೆಂಡನ್ ಬೇರೆ, ಐದು ತಿಂಗಳು ಸವೆದ ನನ್ನದು ಬೇರೆ.

ಹೀಗೆ ನಮ್ಮ ಮನೆಯಲ್ಲಿ ಒಬ್ಬರು ಕಾಲೂರದೆ ಕೂತರು, ಇನ್ನೊಬ್ಬ ಕಾಲೂರಿ ನಿಂತ. ನಮ್ಮ ಬಿಲ್ಡಿಂಗಿನ ಮೆಟ್ಟಿಲೇ ನನ್ನ ಜಿಮ್ಮು. ಅಪ್ಪ ಪ್ಲಾಸ್ಟರ್ ಕಾಲು ಸ್ಟೂಲಿನ ಮೇಲಿಟ್ಟುಕೊಂಡು ಬಾಗಿಲಲ್ಲಿ ಕೂತು, ಒಂದನೇ ಇಯತ್ತೆಗೆ ಎಣಿಸಿದಂತೆ ಗಟ್ಟಿಯಾಗಿ ಎಣಿಸುವರು. ಹನ್ನೆರಡಕ್ಕೆ ನಾನು ನಿಲ್ಲಿಸಿದರೆ, “ಇನ್ನ ಮೂರ್ ಅದಾವು, ಗಣಿತ ನನಗ್ ಹೇಳಬ್ಯಾಡ.” ಎದುರುಮನೆಯ ಮರಾಠಿ ಹುಡುಗಿಗೆ ಕನ್ನಡದಲ್ಲಿ ಹದಿನೈದರವರೆಗೆ ಎಣಿಸಲು ಬರುತ್ತದೆ ಈಗ.

ಸೀಸೆ ಏನಾಯಿತು? ಅಪ್ಪನ ಡ್ರೆಸಿಂಗ್ ಮಾಡುವ ಸಿಸ್ಟರ್ ಕಲಬುರಗಿ ಕಡೆಯವರು. ಒಂದು ದಿನ ಅವರ ಕೈಗೆ ಕೊಟ್ಟೆ, ಸುಮ್ಮನೆ ಕಸಕ್ಕೆ ಹಾಕಲು ಮನಸ್ಸಾಗದೆ. ತಿರುಗಿಸಿ ಓದಿ, “ಏನ್ರೀ ಅಣ್ಣಾರ, ನೀವೇನ್ ಇಲಿ ಏನ್ರೀ?” ಎಂದು ಹಳದಿ ಚೀಲಕ್ಕೆ ಹಾಕಿದರು. ಅಪ್ಪ ನಕ್ಕದ್ದು ಹೊರಗಿನ ಸಾಲಿನವರೆಗೂ ಕೇಳಿರಬೇಕು.

ಸಹೋದ್ಯೋಗಿಯ ಭುಜ ಚೆನ್ನಾಗಿಯೇ ಇದೆ. ಪೆಪ್ಟೈಡ್ ಎಂದೇ ಅವನು ಹೇಳುತ್ತಾನೆ. ಅದೇ ಮೂರು ತಿಂಗಳು ಅವನು ಭಾರ ಕಡಿಮೆ ಮಾಡಿದ್ದ, ಫಿಸಿಯೋಗೆ ಹೋಗುತ್ತಿದ್ದ. ಯಾವುದರಿಂದ ಆಯಿತು ಎಂದು ಅವನೂ ಹೇಳಲಾರ, ನಾನೂ ಹೇಳಲಾರೆ. ನಾಳೆ ಯಾರಾದರೂ ಮನುಷ್ಯರ ಮೇಲೆ ದೊಡ್ಡ ಪ್ರಯೋಗ ಮಾಡಿ ಬಿಪಿಸಿ-157 ಟೆಂಡನ್ನಿಗೆ ಒಳ್ಳೆಯದು ಎಂದು ತೋರಿಸಿದರೆ, ವೈದ್ಯರ ಚೀಟಿ ಹಿಡಿದು ಮೆಡಿಕಲ್ ಶಾಪಿನ ಸಾಲಿನಲ್ಲಿ ನಿಲ್ಲುವವರಲ್ಲಿ ನಾನೂ ಒಬ್ಬ.

ಅಪ್ಪನ ಹುಣ್ಣು ಮುಚ್ಚಲು ಹದಿನಾಲ್ಕು ವಾರ ಹಿಡಿಯಿತು. ದೀಪಾವಳಿಗೆ ಗದಗಿಗೆ ವಾಪಸು ಹೋದರು, ಕಪ್ಪು ಎಂಸಿಆರ್ ಚಪ್ಪಲಿ ಹಾಕಿಕೊಂಡು. ಚಂದ ಇಲ್ಲ ಎಂದು ಗೊಣಗುತ್ತಾರೆ, ಆದರೆ ಮನೆಯೊಳಗೂ ಬಿಚ್ಚುವುದಿಲ್ಲ. ದಿನಾ ರಾತ್ರಿ ಅವ್ವ ಕನ್ನಡಿ ಹಿಡಿದು ಎರಡೂ ಪಾದದ ಅಡಿ ನೋಡುತ್ತಾಳೆ. ನಾನು ತಳಜಾಯಿಯಲ್ಲಿ ಐದು ಕಿಲೋಮೀಟರಿಗೆ ಬಂದಿದ್ದೇನೆ, ಏರು ಇನ್ನೂ ನಡೆದೇ ಹತ್ತುತ್ತೇನೆ. ಬೆಳಗಿನ ಹತ್ತು ಹೆಜ್ಜೆಯ ಬಿಗಿತ ಈಗ ಮೂರು ಹೆಜ್ಜೆಗೆ ಇಳಿದಿದೆ. ಸಂಜೆ ಏಳಕ್ಕೆ ಫೋನು ಬರುತ್ತದೆ. ಸ್ಪೀಕರಿಗೆ ಹಾಕಿ ಮೆಟ್ಟಿಲಿನ ಮೇಲೆ ಇಟ್ಟು, ಅಂಚಿಗೆ ಕಾಲಿಡುತ್ತೇನೆ.